ಕಾಲಿಗೆ ಬಿದ್ದವಳು

ಬಂಡೆಯ ಬುಡದಲ್ಲಿ ಕೂಸನ್ನು ಮಲಗಿಸಿ, ಆ ಹೆಂಗಸು ತಾನೂ ಹತ್ತಲು ಸೊಂಟಕ್ಕೆ ಪಟ್ಟಿ ಬಿಗಿದುಕೊಳ್ಳುತ್ತಿದ್ದಳು. ಪಕ್ಕದಲ್ಲೇ, ಮೇಲೆ ಹತ್ತುತ್ತಿದ್ದ ಮಗಳ ಹಗ್ಗ ಹಿಡಿದು ನಿಂತಿದ್ದವನಿಗೆ ಪಿತ್ತ ನೆತ್ತಿಗೇರಿತು.

“ಹಾಲು ಕುಡಿಯೋ ಕೂಸನ್ನ ಇಲ್ಲಿ ಹಾಕಿ ಹೊರಟ್ಯಲ್ಲಮ್ಮ, ಮೇಲಿಂದ ಕಲ್ಲು ಉದುರಿದ್ರೆ? ನೀನೂ ಒಬ್ಳು ತಾಯೀನಾ?” ಎಂದು ಎರಡೂ ಕೈ ಬೀಸಿ ಬೀಸಿ ಕೂಗಾಡಿದ.

ಅವಳು ಥಟ್ಟನೆ ಬಂದು ಅವನ ಕಾಲ ಬಳಿ ಬಗ್ಗಿದಳು.

“ಕಾಲಿಗೆಲ್ಲ ಬೀಳ್ಬೇಡ, ಏಳು. ಬುದ್ಧಿ ಕಲಿತ್ರೆ ಸಾಕು.”

“ಅಪ್ಪಾ, ಕಾಲು ಜಾರ್ತಿದೆ! ಹಗ್ಗ ಹಿಡ್ಕೊಂಡಿದೀಯಾ?” ಮೇಲಿಂದ ಮಗಳು ಚೀರಿದಳು.

ಅವನು ಗಾಳಿಯಲ್ಲಿದ್ದ ತನ್ನ ಖಾಲಿ ಕೈಗಳನ್ನು ನೋಡಿಕೊಂಡ.

“ಹಿಡಿದಿದೀನಿ ಪುಟ್ಟಿ, ಹೆದರ್ಬೇಡ,” ಎಂದಳು ಕಾಲ ಬಳಿಯಿದ್ದವಳು.