ತೂಕ ಕಡಿಮೆ ಬಂದರೆ

ಮತ್ತೆ ಬಾಗಿಲು ಬಡಿದ ಸದ್ದಾದಾಗ ಅಜ್ಜಿ ಸೊಸೆಯನ್ನೂ ಹಸುಗೂಸನ್ನೂ ಬಚ್ಚಲುಮನೆಗೆ ತಳ್ಳಿದಳು. "ಮಗು ಅತ್ತರೆ ನಲ್ಲಿ ಬಿಡು." ಬಿಟ್ಟು ಬಂದ ಊರಲ್ಲಿ ಸಮವಸ್ತ್ರದವರು ಹೀಗೇ ಬಡಿದಿದ್ದರು, ಬಾಗಿಲು ತೆಗೆದ ಮಗ ಹಿಂತಿರುಗಲಿಲ್ಲ. ಈಗ ಕಿಟಕಿಯ ಸಂದಿಯಲ್ಲಿ ಕಂಡವಳೂ ಸಮವಸ್ತ್ರದಲ್ಲಿದ್ದಳು, ಅಜ್ಜಿಯ ಮನೆಮಾತಿನಲ್ಲೇ ಕರೆಯುತ್ತಿದ್ದಳು. ಅದಕ್ಕೇ ಅಜ್ಜಿಗೆ ಭಯ ಹೆಚ್ಚಾಯಿತು. ಅಂದು ಬಂದವರದೂ ಇದೇ ಭಾಷೆ.

ಮಾತ್ರೆ, ಒಂದು ಜೊತೆ ಬಟ್ಟೆ ಗಂಟು ಕಟ್ಟಿ ಕಂಕುಳಲ್ಲಿಟ್ಟುಕೊಂಡು ಅವಳು ಬಾಗಿಲು ತೆರೆದಳು. "ಮನೇಲಿ ನಾನೊಬ್ಬಳೇ ಇರೋದು. ನಡೀರಿ, ಹೋಗೋಣ."

"ಗಂಟು ಕಟ್ಕೊಂಡು ಎಲ್ಲಿಗಜ್ಜಿ ಸವಾರಿ? ನಾನು ಆಸ್ಪತ್ರೆ ನರ್ಸು. ಹೊಸದಾಗಿ ಬಂದವರ ಮನೆಗೆ ಹೋಗಿ ಮಕ್ಕಳ ತೂಕ ನೋಡ್ತೀನಿ." ಅವಳು ಚೀಲದಿಂದ ಪುಟ್ಟ ತಕ್ಕಡಿ ತೆಗೆದು ಹೊಸ್ತಿಲ ಆಚೆಗೇ ಇಟ್ಟಳು.

ಬಚ್ಚಲಲ್ಲಿ ನೀರು ಸುರಿಯತೊಡಗಿತು. ಅದರ ಹಿಂದಿನ ಅಳು ನರ್ಸಿಗೂ ಕೇಳಿಸಿತು, ಆದರೆ ಅವಳು ಒಳಗೆ ಇಣುಕಲಿಲ್ಲ. ಎರಡು ದಿನದಿಂದ ಮಗು ಸರಿಯಾಗಿ ಹಾಲು ಕುಡಿದಿರಲಿಲ್ಲ. ಯಾರನ್ನು ಕೇಳಬೇಕೆಂದು ಅತ್ತೆಗೂ ತಿಳಿದಿರಲಿಲ್ಲ, ಸೊಸೆಗೂ ತಿಳಿದಿರಲಿಲ್ಲ. ಅಳು ಈಗ ಬೆಕ್ಕಿನಮರಿಯದಷ್ಟು ಸಣ್ಣಗಾಗಿತ್ತು.

"ತೂಕ ಕಮ್ಮಿ ಬಂದ್ರೆ ಯಾರನ್ನ ಹಿಡ್ಕೊಂಡು ಹೋಗ್ತೀರಿ?" ಅಜ್ಜಿ ಕೇಳಿದಳು.

ನರ್ಸಿನ ಮುಖದ ನಗು ಇಳಿಯಿತು. "ಯಾರನ್ನೂ ಇಲ್ಲ ಅಜ್ಜಿ. ಹಾಲು ಹೇಗೆ ಕುಡಿಸ್ಬೇಕು ಅಂತ ತೋರಿಸ್ತೀನಿ. ನಾಳೆ ನಾನೇ ಮತ್ತೆ ಬರ್ತೀನಿ."

ಅಜ್ಜಿ ಅವಳನ್ನೇ ದಿಟ್ಟಿಸಿ ನೋಡಿದಳು. ಪೂರ್ತಿ ನಂಬಿಕೆಯೇನೂ ಹುಟ್ಟಲಿಲ್ಲ. ಆದರೂ ಪಕ್ಕಕ್ಕೆ ಸರಿದು ದಾರಿ ಬಿಟ್ಟಳು.

"ಒಳಗೆ ಬಾ ತಾಯಿ. ಬಾಗಿಲು ಮಾತ್ರ ಹಾಕ್ಬೇಡ."