ಒಲೆಯ ಮುಂದಿನ ಜಾಗ

"ಅಬ್ಬಾಸನನ್ನು ನನ್ನ ಒಲೆಯಿಂದ ತೆಗೆಯಿರಿ. ಇಲ್ಲವಾದರೆ ನನ್ನನ್ನು ತೆಗೆಯಿರಿ," ಎಂದು ಭೋಜ ಮೇಜಿಗೆ ಗುದ್ದಿದ.

ಅಲೆಕ್ಸಾಂಡರ್ ಪೆನ್ನು ಕೆಳಗಿಟ್ಟ. ಸಂತೆಕಟ್ಟೆಯ ಆಚೆ, ಹೊಳೆಯ ಬದಿಯ ಹೆಂಚಿನ ಕಾರ್ಖಾನೆ ಅವನದು. ಮರುದಿನ ಕಾರ್ಕಳದಲ್ಲಿ ಅವನಿಗೆ ಸನ್ಮಾನ. ಎಲ್ಲ ಜಾತಿಯವರನ್ನೂ ಒಂದೇ ಮನೆಯವರಂತೆ ನಡೆಸಿಕೊಳ್ಳುವ ಧಣಿ ಎಂದು. ಭಾಷಣ ಅರ್ಧ ಬರೆದಾಗಿತ್ತು. 1986ರ ಮೇ ತಿಂಗಳು. ಫ್ಯಾನು ಬಿಸಿಗಾಳಿಯನ್ನೇ ಬೀಸುತ್ತಿತ್ತು.

"ಅವನು ನಿನಗೆ ಎಂತ ಮಾಡಿದ?"

"ಏನೂ ಮಾಡಲಿಲ್ಲ. ಈ ತಿಂಗಳು ಅವನು ಅಲ್ಲಿ ಬೇಡ. ರಾತ್ರಿ ಪಾಳಿಗೆ ಹಾಕಿ. ಕಾರಣ ಕೇಳಬೇಡಿ."

ಕಾರಣ ಅಲೆಕ್ಸಾಂಡರನಿಗೆ ಗೊತ್ತಿತ್ತು. ಕಿಟಕಿಯಿಂದ ನೋಡುತ್ತಲೇ ಇದ್ದ. ಕಾರ್ಖಾನೆಯ ನಡುವೆ ಎಲ್ಲರಿಗೂ ಒಂದೇ ನೀರಿನ ಮಡಕೆ, ಒಂದೇ ಗ್ಲಾಸು. ಹಲವರ ನಿಷ್ಠುರ ಕಟ್ಟಿಕೊಂಡು ಅವನೇ ಇಡಿಸಿದ್ದು. ಭೋಜ ಅದನ್ನು ಸೌದೆ ರಾಶಿಯ ಹಿಂದಕ್ಕೆ ಎಳೆದಿದ್ದ. ಅಲ್ಲೇ ಕದ್ದು ಕುಡಿದು, ಬಾಯಿ ಒರೆಸಿಕೊಂಡು ಬರುತ್ತಿದ್ದ. ಮೊದಲು ಅಬ್ಬಾಸನ ಪಕ್ಕದಲ್ಲಿ ಕೂತು ಉಣ್ಣುತ್ತಿದ್ದವನು ಈಗ ಬುತ್ತಿ ಹಿಡಿದು ಗೇಟಿನ ಹೊರಗೆ ಹೋಗುತ್ತಿದ್ದ.

ಅಲೆಕ್ಸಾಂಡರ್ ಇದನ್ನೆಲ್ಲ ಅವನ ಮುಖಕ್ಕೇ ಹೇಳಿದ. ಇಲ್ಲಿ ಯಾರೂ ಯಾರಿಗೂ ಕೀಳಲ್ಲ, ಎಲ್ಲರಿಗೂ ಒಂದೇ ಕೆಲಸ, ಒಂದೇ ಕಾನೂನು ಎಂದ. "ಕಳೆದ ವರ್ಷ ಅಬ್ಬಾಸನ ಕೇರಿಯ ಬೀರಾನ್ ಒಲೆಯ ಮುಂದೆ ತಲೆ ತಿರುಗಿ ಬಿದ್ದಾಗ, ಒಂದು ತಿಂಗಳು ಮನೆಯಲ್ಲಿ ಕೂತು ಹೊಟ್ಟೆ ತುಂಬ ಉಣ್ಣು ಎಂದು ಕಳಿಸಿದವನು ನಾನು. ಗೊತ್ತುಂಟಾ?"

"ಸಂಬಳ ಕೊಟ್ಟಿದ್ದೀರಾ?"

ಅದು ಬೇರೆ ವಿಷಯ ಎಂದ ಅಲೆಕ್ಸಾಂಡರ್. ನಿನ್ನ ಮಗಳು ಸುಗಂಧಿಯ ಮದುವೆ ಹತ್ತಿರ ಬಂತಲ್ಲ, ಕೆಲಸ ಹೋದರೆ ಗಂಡಿನವರು ಉಳಿಯುತ್ತಾರಾ ಎಂದು ನೆನಪಿಸಿದ. ಕಾರಣ ಬಾಯಿಬಿಟ್ಟು ಹೇಳು, ಇಲ್ಲವೇ ಹೋಗಿ ಅಬ್ಬಾಸನ ಪಕ್ಕದಲ್ಲಿ ನಿಲ್ಲು ಎಂದ.

ಭೋಜ ಬೈರಾಸಿನಿಂದ ಮುಖದ ಬೆವರು ಒರೆಸಿಕೊಂಡ.

"ಹೇಳುವುದಿಲ್ಲ ಎಂದು ಮಾತು ಕೊಟ್ಟಿದ್ದೇನೆ."

"ಯಾರಿಗೆ? ನಿನ್ನ ಜಾತಿಯವರಿಗಾ?"

ಭೋಜ ನಕ್ಕುಬಿಟ್ಟ. "ಭಾಷಣ ಚೆನ್ನಾಗಿ ಮಾಡಿ ಧಣಿ," ಎಂದು ಬೈರಾಸು ಹೆಗಲಿಗೆ ಹಾಕಿ ಹೊರಟ. ಮತ್ತೆ ಆ ಗೇಟಿನೊಳಗೆ ಅವನು ಕಾಲಿಡಲಿಲ್ಲ.

ಅಲೆಕ್ಸಾಂಡರನಿಗೆ ಎದೆ ಹಗುರಾಯಿತು. ಭಾಷಣಕ್ಕೆ ಒಂದು ಸಾಲು ಸೇರಿಸಿದ. ತಣ್ಣನೆಯ ಪುನರ್ಪುಳಿ ಶರಬತ್ತು ತರಿಸಿ, ತಾನೇ ಒಲೆಯ ಬಳಿಗೆ ಒಯ್ದ. ಅಬ್ಬಾಸ್ ಒಬ್ಬನೇ ಇಬ್ಬರ ಸೌದೆ ಎಸೆಯುತ್ತಿದ್ದ. ತುಟಿ ಒಣಗಿ ಒಡೆದಿತ್ತು.

"ನಿನ್ನನ್ನು ಕೀಳಾಗಿ ಕಂಡವನನ್ನು ಕಳಿಸಿಬಿಟ್ಟೆ ಮಾರಾಯ. ಕುಡಿ."

ಅಬ್ಬಾಸನ ಕೈಯಿಂದ ಸೌದೆ ಜಾರಿತು. ಅವನು ಗ್ಲಾಸು ಮುಟ್ಟಲಿಲ್ಲ. ಸಂಕೋಚವಿರಬೇಕು ಎಂದುಕೊಂಡ ಅಲೆಕ್ಸಾಂಡರ್ ಎಲ್ಲರೂ ನೋಡಲಿ ಎಂದು ತಾನೇ ಅದನ್ನು ಅವನ ಬಾಯಿಗೆ ಹಿಡಿದ.

ಅಬ್ಬಾಸ್ ಮುಖ ತಿರುಗಿಸಿದ. "ಗೊತ್ತಾದರೆ ಬೀರಾನನ ಹಾಗೆ ನನ್ನನ್ನೂ ಮನೆಗೆ ಕಳಿಸುತ್ತೀರಿ, ಯಾರಿಗೂ ಹೇಳಬೇಡ ಎಂದು ಭೋಜಣ್ಣನ ಹತ್ತಿರ ಮಾತು ತೆಗೆದುಕೊಂಡವನು ನಾನು," ಎಂದ. "ವರ್ಷ ವರ್ಷ ರಂಝಾನ್ ಹಬ್ಬದ ಬಿರಿಯಾನಿಗೆ ನಮ್ಮಲ್ಲಿಗೆ ಬರುತ್ತೀರಲ್ಲ ಧಣಿ, ಅದರ ಮೊದಲಿನ ಉಪವಾಸದ ತಿಂಗಳು ಇದೇ."