ಫ್ರೇಮಿನ ಮೇಲಂಚು

ಜಲಜಾಕ್ಷಿಯ ಫ್ರೇಮ್ ಅಂಗಡಿಯಲ್ಲಿ ಮಿಸ್ಟರ್ ಲೆವಿನ್ ಪಟದ ಮೇಲಂಚಿಗೆ ಬೆರಳಿಟ್ಟವರು ತೆಗೆಯಲೇ ಇಲ್ಲ. ಗಾಜಿನ ಹಿಂದಿದ್ದದ್ದು ಹತ್ತು ವೃತ್ತಗಳ ಒಂದು ಮರ. ಶತಮಾನಗಳ ಹಿಂದೆ ಯಹೂದಿ ಅನುಭಾವಿಗಳು ಬರೆದದ್ದನ್ನು ನೋಡಿ ಲೆವಿನ್ನರ ಮುತ್ತಜ್ಜ ತೊಗಲಿನ ಮೇಲೆ ಬರೆದಿದ್ದರು. “ಇದರ ಮೇಲೆ ಗೇಣುದ್ದ ಜಾಗ ಇತ್ತಲ್ಲ?”

“ಅಲ್ಲಿ ಏನೂ ಇರಲಿಲ್ಲ. ಹೊಸ ರೂಮಿನ ಗೋಡೆ ಚಿಕ್ಕದು ಅಂದಿರಲ್ಲ, ಅದಕ್ಕೇ ಕತ್ತರಿಸಿದೆ,” ಎಂದಳು ಜಲಜಾಕ್ಷಿ. ಓಲ್ಡ್ ಬ್ರಿಡ್ಜ್ ಊರಿನಲ್ಲಿದ್ದ ಮನೆಯನ್ನು ಬ್ಯಾಂಕು ಕಿತ್ತುಕೊಂಡ ಮೇಲೆ ಮುದುಕ ಲೆವಿನ್ನರಿಗೆ ಉಳಿದದ್ದು ವೃದ್ಧಾಶ್ರಮದಲ್ಲಿ ಅರ್ಧ ರೂಮು, ಈ ಒಂದು ಪಟ. ಕೆಲಸ ಹೋದಂದಿನಿಂದ ಅಂಗಡಿಯಲ್ಲೇ ಕೂರುವ ಗಂಡ ಪ್ರಭಾಕರ ಕನ್ನಡದಲ್ಲಿ ಪಿಸುಗುಟ್ಟಿದ: “ಖಾಲಿ ಚರ್ಮದ ತುಂಡಿಗೆ ಇಷ್ಟು ರಾಮಾಯಣವಾ ಮಾರಾಯ್ತಿ? ಅದು ಬೆಳಿಗ್ಗೆಯೇ ಗಾರ್ಬೇಜ್ ಟ್ರಕ್ಕಿಗೆ ಹೋಯ್ತು.”

ಲೆವಿನ್ ಸಿಟ್ಟಾಗಲಿಲ್ಲ. “ಈ ಮರದ ಬೇರು ಮೇಲಿದೆಯಮ್ಮ. ದೇವರಿಗೆ ರೂಪವಿಲ್ಲ, ಕೊನೆಯಿಲ್ಲ. ಬರೆಯುವುದು ಹೇಗೆ? ಅದಕ್ಕೇ ಮುತ್ತಜ್ಜ ಅಷ್ಟು ಜಾಗ ದೇವರಿಗೆ ಬಿಟ್ಟಿದ್ದರು.”

ದಾರಿಯಲ್ಲಿ ಬಿದ್ದ ಕಾಗದಕ್ಕೆ ಕಾಲು ತಾಗಿದರೂ ಮುಟ್ಟಿ ಕಣ್ಣಿಗೊತ್ತಿಕೊಳ್ಳುವ ಜಲಜಾಕ್ಷಿ, ಬ್ಲೇಡು ಹಿಡಿದಿದ್ದ ಕೈಯನ್ನು ಬೆನ್ನ ಹಿಂದೆ ಇಟ್ಟುಕೊಂಡಳು. ಏನಾದರೂ ದಾರಿ ಇರಲೇಬೇಕಿತ್ತು. “ಹಾಗಾದರೆ, ಇದರ ಮೇಲೆ ಗೋಡೆ ಖಾಲಿ ಬಿಟ್ಟು ತೂಗುಹಾಕಿ. ಅಷ್ಟು ಜಾಗ ಸಿಕ್ಕ ಹಾಗಾಯಿತು.”

ಲೆವಿನ್ ಪಟವನ್ನು ಕಂಕುಳಿಗೆ ಸೇರಿಸಿಕೊಂಡರು. “ಅಲ್ಲಿ ಪಕ್ಕದ ಮಂಚದವರ ಟಿವಿ ಇದೆ,” ಎಂದರು.